ಹಳೆ ಕಾರು ಮಿಸ್ ಹೊಡೆಯುತ್ತಿದ್ದರೆ ಮೊದಲು ಸಿಲಿಂಡರ್ ಹುಡುಕಿ, ಆಮೇಲೆ ಪಾರ್ಟ್ ತನ್ನಿ

ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ, ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡವರ ದೂರು ಮಳೆಗಾಲ ಹಿಡಿದ ಕೂಡಲೇ ಶುರುವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಡಗಡ ನಡುಗುತ್ತದೆ. ದೇವಿಮನೆ ಘಟ್ಟ ಹತ್ತುವಾಗ ಎಳೆಯುವುದಿಲ್ಲ. ಮೈಲೇಜ್ ಬಿದ್ದಿದೆ. ಗ್ಯಾರೇಜಿಗೆ ಹೋದರೆ ಕಿಡಿ ಹಾರಿಸುವ ಪ್ಲಗ್ ಬದಲು, ಸರಿಯಾಗಲಿಲ್ಲ ಅಂದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಬದಲು, ಅದೂ ಆಗದಿದ್ದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕ್ಲೀನಿಂಗ್. ದುಡ್ಡು ಹೋಯಿತು, ಮಿಸ್ಸಿಂಗ್ ಮಾತ್ರ ಹಾಗೇ ಇದೆ. ಇದನ್ನು ನೋಡಿದಾಗಲೆಲ್ಲ ಬೇಸರವಾಗುತ್ತದೆ, ಯಾಕಂದರೆ ಯಾವ ಸಿಲಿಂಡರ್ (ಇಂಜಿನ್ನಿನೊಳಗೆ ಪೆಟ್ರೋಲ್ ಉರಿಯುವ ಕೊಳವೆ) ಕೆಲಸ ಮಾಡುತ್ತಿಲ್ಲ ಅನ್ನುವುದನ್ನು ಮನೆ ಅಂಗಳದಲ್ಲೇ ಕಂಡುಹಿಡಿಯಬಹುದು. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮಿಸ್ ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯಬೇಕಾದ ಹೊತ್ತಿಗೆ ಉರಿಯದಿರುವುದು. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಇದ್ದರೆ, ಎರಡು ಸುತ್ತಿಗೆ ಒಂದು ಸಲದಂತೆ ಒಂದೊಂದು ಸಿಲಿಂಡರ್ ನಿಮಿಷಕ್ಕೆ 400 ಸಲ ಉರಿಯಬೇಕು. ಉರಿಯಲು ಬೇಕಾದದ್ದು ಮೂರೇ: ಕಿಡಿ, ಸರಿಯಾದ ಅಳತೆಯ ಪೆಟ್ರೋಲ್ ಮತ್ತು ಗಾಳಿ, ಅವೆರಡನ್ನೂ ಒತ್ತಿ ಹಿಡಿಯುವ ಕಂಪ್ರೆಶನ್. ಇವುಗಳಲ್ಲಿ ಯಾವುದು ಕೈಕೊಟ್ಟಿದೆ ಅಂತ ಹುಡುಕುವುದಷ್ಟೇ ನಮ್ಮ ಕೆಲಸ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಲ್ಟೊ, ವ್ಯಾಗನ್ ಆರ್ 1.0, ಕ್ವಿಡ್, ಟಿಯಾಗೊ ಪೆಟ್ರೋಲ್, ಇವೆಲ್ಲ ಮೂರು ಸಿಲಿಂಡರಿನ ಇಂಜಿನ್. ಸ್ವಲ್ಪ ನಡುಕ ಅವುಗಳ ಹುಟ್ಟುಗುಣ. ಒಂದೇ ಸಮನೆ ನಡುಗುತ್ತಿದ್ದರೆ ಇಂಜಿನ್ ಕೂರಿಸುವ ರಬ್ಬರ್ ಮೌಂಟ್ ಹೋಗಿರಬಹುದು. ನಡುನಡುವೆ ತಾಳ ತಪ್ಪಿ ಜರ್ಕ್ ಹೊಡೆದು, ಸೈಲೆನ್ಸರಿನಿಂದ 'ಪಟ್ ಪಟ್' ಅಂತ ಸದ್ದು ಬಂದು, ಹಸಿ ಪೆಟ್ರೋಲ್ ವಾಸನೆ ಹೊಡೆದರೆ ಅದು ಮಿಸ್.

ಬಾನೆಟ್ ಎತ್ತುವ ಮುಂಚೆ ಯಾವಾಗ ಹಾಗಾಗುತ್ತದೆ ಅಂತ ಗಮನಿಸಿ. ಮಳೆ ಬಂದ ದಿನ ಮಾತ್ರವೇ? ಹಾಗಾದರೆ ಕರೆಂಟಿನ ಕಡೆ ಅನುಮಾನ ಪಡಿ. ಐಡ್ಲಿಂಗಿನಲ್ಲಿ ನಡುಗಿ, ಆಕ್ಸಿಲರೇಟರ್ ಕೊಟ್ಟರೆ ಸರಿಯಾಗುತ್ತದೆಯೇ? ಎಲ್ಲೋ ಹೊರಗಿನ ಗಾಳಿ ಎಳೆಯುತ್ತಿರಬಹುದು. ಘಟ್ಟದಲ್ಲಿ ಲೋಡ್ ಬಿದ್ದಾಗ ಮಾತ್ರವೇ? ಪ್ಲಗ್ ಅಥವಾ ಕಾಯಿಲ್ ದುರ್ಬಲವಾಗಿದೆ, ಇಲ್ಲವೇ ಪೆಟ್ರೋಲ್ ಪಂಪಿನ ಪ್ರೆಶರ್ ಸಾಲುತ್ತಿಲ್ಲ. ತಣ್ಣಗಿದ್ದಾಗ ಮಿಸ್ ಹೊಡೆದು, ಬಿಸಿಯಾದ ಮೇಲೆ ಸುಮ್ಮನಾದರೆ ಅದನ್ನೂ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಹತ್ತಿರ ಹೋದಾಗ "ಹೇಗೋ ಆಗ್ತಿದೆ ಮಾರಾಯ" ಅನ್ನುವುದಕ್ಕಿಂತ ಈ ವಿವರ ಸಾವಿರ ಪಾಲು ಉಪಯೋಗ.

ಚೆಕ್ ಇಂಜಿನ್ ಲೈಟ್ ಒಂದೇ ಸಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿಣುಕುತ್ತಿದ್ದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೀದಾ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಕನ್ವರ್ಟರ್ ಒಳಗೇ ಕರಗಿಹೋಗಬಹುದು. ಪ್ಲಗ್ಗಿನ ಬೆಲೆಯಲ್ಲಿ ಮುಗಿಯುವ ಕೆಲಸ ಹತ್ತಾರು ಸಾವಿರಕ್ಕೆ ಏರುವುದು ಹೀಗೆ. ಅರಬೈಲ್ ಘಟ್ಟದಲ್ಲಿ ಲೈಟ್ ಮಿಣುಕುತ್ತಿದ್ದರೂ ಮೇಲೆ ಹತ್ತಿಸಿಯೇ ಬಿಡೋಣ ಅಂತ ಒತ್ತಬೇಡಿ.

ಈಗ ಸ್ಕ್ಯಾನರ್. 2013ರ ನಂತರದ ಕಾರಾದರೆ ಸ್ಟೀರಿಂಗ್ ಕೆಳಗೆ ಇಂಜಿನ್ ದೋಷ ಓದುವ ಓಬಿಡಿ ಸಾಕೆಟ್ ಇರುತ್ತದೆ. ಒಂದು ಬ್ಲೂಟೂತ್ ಅಡಾಪ್ಟರ್, ಫೋನಿನಲ್ಲಿ ಒಂದು ಆ್ಯಪ್ ಇದ್ದರೆ ಸಾಕು, ದೋಷದ ಕೋಡ್ ಕಾಣುತ್ತದೆ. ಪಿ0301 ಅಂದರೆ ಒಂದನೇ ಸಿಲಿಂಡರ್ ಮಿಸ್, ಪಿ0302 ಅಂದರೆ ಎರಡನೆಯದು, ಹೀಗೇ ಮುಂದೆ. ಪಿ0300 ಬಂದರೆ ಒಂದು ಸಿಲಿಂಡರ್ ಅಂತ ಇಲ್ಲ, ಅಲ್ಲಲ್ಲಿ ಆಗುತ್ತಿದೆ. ಆಗ ಎಲ್ಲ ಸಿಲಿಂಡರಿಗೂ ಸಾಮಾನ್ಯವಾದದ್ದನ್ನು ನೋಡಬೇಕು: ಪೆಟ್ರೋಲ್ ಪ್ರೆಶರ್, ಗಾಳಿ ಸೋರಿಕೆ, ಅರ್ಥಿಂಗ್. ಕೋಡ್ ಅಳಿಸುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ.

ಒಂದೇ ಸಿಲಿಂಡರ್ ತೋರಿಸಿದರೆ ಅದಲು ಬದಲು ಮಾಡಿ ನೋಡುವುದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ, ಅದೂ ಪುಕ್ಕಟೆ. ಪ್ಲಗ್ಗಿನ ಮೇಲೆ ಒಂದೊಂದು ಕಾಯಿಲ್ ಇರುವ ಕಾರಾದರೆ, ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಎರಡನೇ ಸಿಲಿಂಡರಿನ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಪಿ0302 ಇದ್ದದ್ದು ಪಿ0303 ಆದರೆ ತಪ್ಪು ಕಾಯಿಲ್‌ದೇ, ಬೇರೆ ಮಾತಿಲ್ಲ. ಎರಡರಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ. ಆಗಲೂ ಅಲ್ಲೇ ಉಳಿದರೆ ವೈರಿಂಗ್, ಇಂಜೆಕ್ಟರ್ ಅಥವಾ ಕಂಪ್ರೆಶನ್. ಕಾಯಿಲ್, ಪ್ಲಗ್ ಎರಡನ್ನೂ ಒಟ್ಟಿಗೇ ಬದಲಿಸಬೇಡಿ, ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಕೆಲವು ಕಾರುಗಳಲ್ಲಿ ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ ಕಿಡಿ ಕೊಡುತ್ತದೆ. ಅಂಥದ್ದರಲ್ಲಿ ಒಂದು ಮತ್ತು ನಾಲ್ಕು ಒಟ್ಟಿಗೆ ಮಿಸ್ ಆದರೆ ಮೊದಲು ಕಾಯಿಲ್ ನೋಡಿ.

ಸ್ಕ್ಯಾನರ್ ಇಲ್ಲ, ಕಾರು ಇನ್ನೂ ಹಳೆಯದು ಅಂದರೆ, ಇಂಜಿನ್ ಓಡುವಾಗ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ಹಾಕಿ. ತೆಗೆದ ಕೂಡಲೇ ಇಂಜಿನ್ ಇನ್ನೂ ನಡುಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಬದಲಾಗದಿದ್ದರೆ ಸತ್ತ ಸಿಲಿಂಡರ್ ಅದೇ. ಓಡುವ ಇಂಜಿನ್ನಿನ ಪ್ಲಗ್ ವೈರ್ ಕಿತ್ತು ನೋಡುವ ಹಳೆ ಪದ್ಧತಿ ಬೇಡ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಕೈಗೂ ಅಪಾಯ, ಕಾಯಿಲ್‌ಗೂ ಅಪಾಯ.

ಪ್ಲಗ್ ಬಿಚ್ಚಿದಾಗ ಅದರ ತುದಿ ನೋಡಿ. ತಿಳಿ ಕಂದು ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ಕಡಿಮೆ. ಎಣ್ಣೆ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಸುಣ್ಣದ ಹಾಗೆ ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲದೆ ಬಿಸಿಯಾಗುತ್ತಿದೆ. ಪ್ಲಗ್ ತುದಿಯ ಗ್ಯಾಪ್ ಎಷ್ಟು ಅನ್ನುವುದು ಕಾರಿನ ಪುಸ್ತಕದಲ್ಲಿ ಇರುತ್ತದೆ, ಅದನ್ನೇ ಇಡಿ. ವಾಪಸ್ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹಾಳಾದರೆ ದೊಡ್ಡ ರಗಳೆ.

ನಮ್ಮ ಕರಾವಳಿಯಲ್ಲಿ ಮಾತ್ರ ಇಷ್ಟಕ್ಕೇ ನಿಲ್ಲಬಾರದು. ಪ್ಲಗ್ ಇರುವ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ, ನೀರು ನಿಂತಿರುತ್ತದೆ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ, ಹೂವು, ಕಸ ತುಂಬಿ ನೀರು ಹೋಗುವ ದಾರಿ ಕಟ್ಟಿಕೊಂಡರೆ ಮಳೆ ನೀರು ಕೆಲವು ಕಾರುಗಳಲ್ಲಿ ಇಂಜಿನ್ ಮೇಲೇ ತೊಟ್ಟಿಕ್ಕುತ್ತದೆ. ಹಲಸು, ಮಾವಿನ ಮರದ ಕೆಳಗೆ ಕಾರು ನಿಲ್ಲಿಸುವವರು ಮೇ ತಿಂಗಳಲ್ಲೇ ಆ ಕಸ ತೆಗೆಯಬೇಕು. ಗುಂಡಿಯಲ್ಲಿ ನೀರಿನ ಬದಲು ಎಣ್ಣೆ ಇದ್ದರೆ ವಾಲ್ವ್ ಕವರಿನ ಸೀಲ್ ಹೋಗಿದೆ. ಅದನ್ನು ಬಿಟ್ಟು ಹೊಸ ಕಾಯಿಲ್ ಹಾಕಿದರೆ ಅದೂ ಹಾಳಾಗುತ್ತದೆ.

ಸಮುದ್ರದ ಉಪ್ಪು ಗಾಳಿ ಇನ್ನೊಂದು. ಕಾಯಿಲ್, ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ ಪಿನ್ ನೋಡಿ, ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಹಾಕಿ. ಬ್ಯಾಟರಿಯಿಂದ ಕಾರಿನ ಬಾಡಿಗೂ ಇಂಜಿನ್ನಿಗೂ ಹೋಗುವ ಅರ್ಥಿಂಗ್ ವೈರಿನ ಬೋಲ್ಟ್ ಬಿಚ್ಚಿ ತುಕ್ಕು ಕೆರೆದು ಬಿಗಿ ಮಾಡಿ. ಎಷ್ಟೋ ಪಿ0300 ಇಲ್ಲೇ ಮುಗಿಯುತ್ತವೆ. ಇಲಿ ಕಾಟವೂ ಕಡಿಮೆ ಅಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಮೇಲೆ ಬಂದು ಕೂರುತ್ತವೆ, ವೈರ್ ಕಡಿಯುತ್ತವೆ. ತೋಟದ ಮನೆಯವರಂತೂ ಇಂಜೆಕ್ಟರ್ ಹತ್ತಿರದ ವೈರಿಂಗನ್ನು ಬೆರಳಿನಿಂದ ಸವರಿಯೇ ನೋಡಬೇಕು. ಪ್ಲಗ್ ವೈರ್ ಇರುವ ಹಳೆ ಕಾರಾದರೆ, ಕತ್ತಲಲ್ಲಿ ಇಂಜಿನ್ ಓಡಿಸಿ ವೈರುಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿ, ಮುಟ್ಟದೆ ದೂರ ನಿಂತು ನೋಡಿ. ವೈರ್ ಒಡೆದ ಕಡೆ ನೀಲಿ ಕಿಡಿ ಹಾರುತ್ತದೆ.

ಕಿಡಿ ಸರಿ ಇದ್ದರೆ ಪೆಟ್ರೋಲ್ ಕಡೆ ಬನ್ನಿ. ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ, ಫ್ಯಾನ್ ಮತ್ತು ಬೆಲ್ಟಿನಿಂದ ದೂರವೇ ಇರಿ. ಎಲ್ಲದರಲ್ಲೂ ಒಂದೇ ರೀತಿ ಟಿಕ್ ಟಿಕ್ ಕೇಳಬೇಕು. ಕಾರವಾರದಲ್ಲಿ ಬಹಳ ಜನ ಗೋವಾ ಗಡಿ ದಾಟಿ ಪೆಟ್ರೋಲ್ ಹಾಕಿಸುತ್ತಾರೆ. ಎಲ್ಲೇ ಹಾಕಿಸಿ, ತುಂಬಿಸಿದ ಕೂಡಲೇ ಮಿಸ್ ಶುರುವಾದರೆ ಟ್ಯಾಂಕಿನಲ್ಲಿ ನೀರು ಸೇರಿರಬಹುದು, ಬಿಲ್ ಎಸೆಯಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಹಳೆ ಪೆಟ್ರೋಲನ್ನು ನಂಬಬೇಡಿ. ಗಾಳಿ ಸೋರಿಕೆಗೆ ಇಂಟೇಕ್ ಪೈಪು, ರಬ್ಬರ್ ಹೋಸ್ ಬಿರುಕು ನೋಡಿ, 'ಸುಸ್' ಸದ್ದು ಕೇಳಿ. ಬಿಸಿ ಇಂಜಿನ್ ಮೇಲೆ ಬ್ರೇಕ್ ಕ್ಲೀನರ್ ಹೊಡೆದು ಪರೀಕ್ಷೆ ಮಾಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ.

ಕೊನೆಗೆ ಕಂಪ್ರೆಶನ್. ಇದನ್ನು ಗೇಜ್ ಇರುವ ಮೆಕ್ಯಾನಿಕ್ ಹತ್ತಿರ ಮಾಡಿಸಿ, ನೀವೂ ಪಕ್ಕದಲ್ಲೇ ನಿಲ್ಲಿ. ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಬರಬೇಕು. ಅದಕ್ಕಿಂತ ಮುಖ್ಯ, ಸಿಲಿಂಡರುಗಳ ನಡುವೆ ಜಾಸ್ತಿ ವ್ಯತ್ಯಾಸ ಇರಬಾರದು. ಒಂದರಲ್ಲಿ ಕಡಿಮೆ ಬಂದರೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಲಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡರಲ್ಲೂ ಕಡಿಮೆ ಇದ್ದು, ಕೂಲಂಟ್ ಕೂಡ ಇಳಿಯುತ್ತಿದ್ದರೆ ಇಂಜಿನ್ ಹೆಡ್ಡಿನ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗ್ಯಾಸ್ ಕಿಟ್ ಹಾಕಿ ಓಡಿಸಿದ ಕಾರಿನಲ್ಲಿ ವಾಲ್ವ್ ಸೀಟ್ ಸವೆದಿರುವುದು ಜಾಸ್ತಿ, ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ಭಾಗದ ಸಂದು) ನೋಡಿಸಿ.

ಇನ್ನೂ ಕಾರು ತಗೊಂಡಿಲ್ಲ, ನೋಡಲು ಹೊರಟಿದ್ದೀರಿ ಅಂದರೆ ನಿಮಗೆ ಇದರಲ್ಲಿ ಅರ್ಧ ತೊಂದರೆ ತಪ್ಪುತ್ತದೆ. ಮಾರುವವರಿಗೆ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಅನ್ನಿ. ಕೀ ಆನ್ ಮಾಡಿದಾಗ ಚೆಕ್ ಇಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಅದನ್ನು ಕಿತ್ತಿರಬಹುದು. ಸ್ಕ್ಯಾನರಿನಲ್ಲಿ ಕೋಡ್ ಅಳಿಸಿ ಎಷ್ಟು ಕಿಲೋಮೀಟರ್ ಆಯಿತು ಅಂತಲೂ ಬಹಳ ಕಾರುಗಳಲ್ಲಿ ಕಾಣುತ್ತದೆ. ಅಲ್ಲಿ 5 ಕಿಲೋಮೀಟರ್ ಅಂತ ಇದ್ದರೆ ನೀವು ಬರುವ ಮುಂಚೆ ಅಳಿಸಿದ್ದಾರೆ ಅಂತಲೇ ಅರ್ಥ, ಅಲ್ವಾ?

ರಿಪೇರಿ ಆದ ಮೇಲೆ ಗ್ಯಾರೇಜಿನ ಮುಂದೆ ಒಂದು ಸುತ್ತು ಹೊಡೆದು ದುಡ್ಡು ಕೊಡಬೇಡಿ. ಕೋಡ್ ಅಳಿಸಿಸಿ, ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿ, ಆಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಘಟ್ಟ ಹತ್ತಿಸಿ. ವಾಪಸ್ ಬಂದು ಪೆಂಡಿಂಗ್ ಕೋಡ್ (ಲೈಟ್ ಹತ್ತುವ ಮುಂಚೆಯೇ ದಾಖಲಾಗುವ ದೋಷ) ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಲೆಕ್ಕ ಚುಕ್ತಾ ಮಾಡಿ.