ಥಿಯೇಟರ್‌ಗೆ ಒಂದು ಮಿಕ್ಸ್, ಮನೆಗೆ ಇನ್ನೊಂದು

ನಾನು ಕನ್ನಡ ಸಿನಿಮಾಗಳಿಗೆ ಸೌಂಡ್ ಮಿಕ್ಸಿಂಗ್ ಮಾಡುವವನು. ಮೊದಲೆಲ್ಲ ಸಿನಿಮಾ ತೆರೆಗೆ ಬಂತು ಅಂದರೆ ನನ್ನ ಕೆಲಸ ಮುಗೀತು. ಟಿವಿಯವರು ಅದೇ ಟ್ರ್ಯಾಕ್ ತಗೊಂಡು ಹಾಕಿಕೊಳ್ಳುತ್ತಿದ್ದರು. ಈಗ ಒಟಿಟಿಗೆ ಕೊಡಬೇಕಾದ ಸಾಮಾನಿನ ಪಟ್ಟಿಯೇ ಒಂದು ಬೇರೆ ಕೆಲಸ.

2020ರ ಜುಲೈನಲ್ಲಿ, ಥಿಯೇಟರ್‌ಗಳು ಮುಚ್ಚಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾದವು. ಆಗ ಗಾಂಧಿನಗರದಲ್ಲಿ ಯಾರ ಬಾಯಲ್ಲಿ ಕೇಳಿದರೂ ಡಿಜಿಟಲ್ ರೈಟ್ಸ್ ಮಾತೇ. ಆಮೇಲೆ ಗಾಳಿ ತಿರುಗಿತು. ಥಿಯೇಟರ್‌ನಲ್ಲಿ ಹೇಗೆ ಓಡಿತು ನೋಡೋಣ, ಆಮೇಲೆ ಮಾತಾಡೋಣ ಅನ್ನುತ್ತಾರೆ ಈಗ ಕೊಳ್ಳುವವರು. ರಕ್ಷಿತ್ ಶೆಟ್ಟಿಯವರ ಸಂಸ್ಥೆಗೇ ‘ಏಕಂ’ ಸರಣಿಯನ್ನು 2024ರಲ್ಲಿ ಸ್ವಂತ ವೆಬ್‌ಸೈಟ್‌ನಲ್ಲಿ ತೋರಿಸಬೇಕಾಯಿತು. ಇನ್ನು ಸಣ್ಣ ನಿರ್ಮಾಪಕರ ಪಾಡು ಕೇಳಲೇಬೇಡಿ. ಎಷ್ಟೋ ಸಲ ಅವರಿಗೆ ಸಿಗುವುದು ಜನ ಎಷ್ಟು ಹೊತ್ತು ನೋಡಿದರು ಅನ್ನುವ ಲೆಕ್ಕದ ಪಾಲು ಮಾತ್ರ. ಅಷ್ಟು ಹೊತ್ತಿಗೆ ಜೇಬು ಖಾಲಿ, ಮತ್ತೊಂದು ಮಿಕ್ಸ್‌ಗೆ ದುಡ್ಡು ಎಲ್ಲಿಂದ ತರಬೇಕು?

ಹಾಗಾಗಿ ನಾನು ಮೊದಲ ದಿನದಿಂದಲೇ ಥಿಯೇಟರ್, ಮನೆ ಎರಡಕ್ಕೂ ಸೇರಿಸಿ ಕೆಲಸ ಮಾಡುತ್ತೇನೆ. ಮಾತು, ಸಂಗೀತ, ಎಫೆಕ್ಟ್ಸ್ (ಉಳಿದ ಸದ್ದುಗಳು) ಮೂರೂ ಬೇರೆ ಬೇರೆ ಸ್ಟೆಮ್‌ಗಳಲ್ಲಿ, ಅಂದರೆ ಪ್ರತ್ಯೇಕ ಟ್ರ್ಯಾಕ್‌ಗಳಲ್ಲಿ ಇರುತ್ತವೆ. ಥಿಯೇಟರ್ ಮಿಕ್ಸ್ ಮಾಡುವಾಗ ದೊಡ್ಡ ಹಾಲ್‌ನಲ್ಲಿ 85 ಡೆಸಿಬೆಲ್ ಮಟ್ಟದಲ್ಲಿ ಕೇಳುತ್ತೇವೆ. ಅದನ್ನೇ ಮನೆಯ ಟಿವಿಗೆ ಹಾಕಿ ನೋಡಿ! ಮೇಲೆ ಫ್ಯಾನ್ ತಿರುಗುತ್ತಿದೆ, ಒಳಗೆ ಕುಕ್ಕರ್ ಕೂಗುತ್ತಿದೆ. ಪಿಸುಮಾತು ಕೇಳಿಸಲಿಲ್ಲ ಅಂತ ವಾಲ್ಯೂಮ್ ಜಾಸ್ತಿ ಮಾಡಿದರೆ, ಮುಂದಿನ ಫೈಟ್‌ಗೆ ಮಲಗಿದ್ದ ಮಗು ಎದ್ದು ಕೂರುತ್ತದೆ.

ಮನೆಯ ಮಿಕ್ಸ್‌ಗೆ ಚಿಕ್ಕ ಸ್ಪೀಕರ್ ಹತ್ತಿರ ಇಟ್ಟುಕೊಂಡು, ಮಟ್ಟವನ್ನು 79 ಡೆಸಿಬೆಲ್‌ಗೆ ಇಳಿಸಿ ಕೂರುತ್ತೇನೆ. ನೆಟ್‌ಫ್ಲಿಕ್ಸ್‌ನ ಅಳತೆ ಪ್ರಕಾರ ಮಾತಿನ ಸರಾಸರಿ ಜೋರು ಮೈನಸ್ 27 ಎಲ್‌ಕೆಎಫ್‌ಎಸ್ (ಕಿವಿಗೆ ಸದ್ದು ಎಷ್ಟು ಜೋರು ಅನ್ನಿಸುತ್ತದೆ ಅನ್ನುವುದರ ಅಳತೆ) ಸುತ್ತ ಇರಬೇಕು, ಎರಡು ಯೂನಿಟ್ ಆಚೀಚೆ ಆದರೆ ಪರವಾಗಿಲ್ಲ. ಪೀಕ್, ಅಂದರೆ ಅತಿ ಜೋರಿನ ಸದ್ದು, ಮೈನಸ್ 2 ಡೆಸಿಬೆಲ್ ದಾಟಬಾರದು. ಕೆಲವರು ಇಡೀ ಟ್ರ್ಯಾಕ್‌ಗೆ ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸುವ ಸಾಧನ) ಹಾಕಿ ಕೈತೊಳೆದುಕೊಳ್ಳುತ್ತಾರೆ. ನನಗದು ಒಗ್ಗಲ್ಲ, ಎಲ್ಲ ಒಂದೇ ಸಮ ಆಗಿ ಸಿನಿಮಾ ಸಪ್ಪೆಯಾಗುತ್ತದೆ. ನಾನು ಒಂದೊಂದೇ ದೃಶ್ಯ ಹಿಡಿದು ಮಾತನ್ನು ಸ್ವಲ್ಪ ಎತ್ತಿ, ಹಿನ್ನೆಲೆ ಸಂಗೀತವನ್ನು ಅಷ್ಟೇ ತಗ್ಗಿಸುತ್ತೇನೆ. ಕೊನೆಗೆ ಸ್ಟೀರಿಯೋ ಮಾಡಿ ಫೋನಿನಲ್ಲೂ ಕೇಳುತ್ತೇನೆ. ಜಾಸ್ತಿ ಜನ ನೋಡುವುದು ಅಲ್ಲೇ ಅಲ್ವಾ?

ನಿಜವಾದ ತಲೆನೋವು ಎಂ ಆಂಡ್ ಇ (ಮ್ಯೂಸಿಕ್ ಆಂಡ್ ಎಫೆಕ್ಟ್ಸ್) ಟ್ರ್ಯಾಕ್. ಅಂದರೆ ಮಾತು ತೆಗೆದು, ಉಳಿದ ಎಲ್ಲ ಸದ್ದೂ ಇರುವ ಟ್ರ್ಯಾಕ್. ತೆಲುಗು, ಹಿಂದಿ ಡಬ್ಬಿಂಗ್‌ಗೆ ಇದೇ ಬೇಕು. ಹಿಂದೆ ನಮ್ಮಲ್ಲಿ ಕಲಾವಿದರು ಸ್ಟುಡಿಯೋದಲ್ಲೇ ಡಬ್ ಮಾಡುತ್ತಿದ್ದರು, ಉಳಿದ ಸದ್ದುಗಳನ್ನು ಹೇಗೂ ಪ್ರತ್ಯೇಕವಾಗಿ ಹುಟ್ಟಿಸಬೇಕಿತ್ತು. ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದಲ್ಲೇ ಮಾತು ರೆಕಾರ್ಡ್ ಮಾಡುವುದು, ಬಂದ ಮೇಲೆ ಕಥೆ ಬೇರೆ. ಒಂದು ದೃಶ್ಯದಲ್ಲಿ ತಾಯಿ ಜೋಳದ ರೊಟ್ಟಿ ತಟ್ಟುತ್ತಾ ಮಗನನ್ನು ಬೈಯುತ್ತಾಳೆ. ಬೈಗುಳ, ಬಳೆ, ತಟ್ಟುವ ಸದ್ದು ಮೂರೂ ಒಂದೇ ಮೈಕ್‌ನಲ್ಲಿ ಸೇರಿವೆ. ಮಾತು ತೆಗೆದರೆ ರೊಟ್ಟಿಯೂ ಮೂಕ. ನಮ್ಮ ಫೋಲಿ ಕಲಾವಿದ (ದೃಶ್ಯ ನೋಡುತ್ತಾ ಸದ್ದುಗಳನ್ನು ಮತ್ತೆ ಹುಟ್ಟಿಸುವವನು) ಕೈತುಂಬ ಗಾಜಿನ ಬಳೆ ತೊಟ್ಟು, ನಿಜವಾದ ಜೋಳದ ಹಿಟ್ಟು ನಾದಿಕೊಂಡು, ಪರದೆ ನೋಡುತ್ತಾ ಒಂದೊಂದು ಏಟಿಗೂ ಕೈ ಕೂಡಿಸಿದ. ಮೈದಾಹಿಟ್ಟು ಸಾಲದು, ಅದರ ಸದ್ದೇ ಬೇರೆ. ಸಂತೆಯ ದೃಶ್ಯ ಇದ್ದರೆ ‘ಕೆಜಿ ಇಪ್ಪತ್ತು’ ಅಂತ ಕೂಗುವವರನ್ನೂ ಬೇರೆ ಟ್ರ್ಯಾಕ್‌ನಲ್ಲಿ ಇಡಬೇಕು. ಇಲ್ಲದಿದ್ದರೆ ಹಿಂದಿ ಸಂತೆಯಲ್ಲಿ ಕನ್ನಡದ ಟೊಮ್ಯಾಟೊ ಮಾರಾಟ.

ಸ್ಟೆಮ್ ಬೇರೆ ಇರುವುದು ಹಾಡಿನ ವಿಷಯದಲ್ಲೂ ಕೈಹಿಡಿಯುತ್ತದೆ. 2022ರ ನವೆಂಬರ್‌ನಲ್ಲಿ ‘ಕಾಂತಾರ’ ಪ್ರೈಮ್‌ಗೆ ಬಂದಾಗ ‘ವರಾಹ ರೂಪಂ’ ಬೇರೆ ಧಾಟಿಯಲ್ಲಿತ್ತು. ಹಾಡಿನ ಬಗ್ಗೆ ಕೋರ್ಟ್‌ನಲ್ಲಿ ವ್ಯಾಜ್ಯ ನಡೆದಿತ್ತು. ಹೀಗೆ ದಿಢೀರನೆ ಹಾಡು ಬದಲಾಯಿಸಿ ಅಂದಾಗ ಸಂಗೀತ ಬೇರೆ ಇಲ್ಲದಿದ್ದರೆ ಇಡೀ ರೀಲ್ ಮತ್ತೆ ಮಿಕ್ಸ್ ಮಾಡಬೇಕು.

ನಿರ್ಮಾಪಕರ ಜೊತೆ ಮಾತುಕತೆಯಲ್ಲೇ ಈಗ ನಾನು ಮೂರು ರೇಟ್ ಹೇಳುತ್ತೇನೆ: ಥಿಯೇಟರ್ ಮಿಕ್ಸ್, ಮನೆ ಮಿಕ್ಸ್, ಎಂ ಆಂಡ್ ಇ. ಕೆಲವರು ಮುಖ ಸಿಂಡರಿಸುತ್ತಾರೆ. ಎಂ ಆಂಡ್ ಇ ಆಮೇಲೆ ನೋಡೋಣ ಅಂದರೆ ಫೋಲಿಯನ್ನಾದರೂ ಈಗಲೇ ಪೂರ್ತಿ ಮಾಡಿಸಿ ಅನ್ನುತ್ತೇನೆ. ವರ್ಷ ಬಿಟ್ಟು ಬಂದರೆ ಕೆಲಸದ ಸೆಷನ್ ಫೈಲ್ ತೆರೆಯಲು ಹಳೆಯ ಪ್ಲಗಿನ್‌ಗಳೇ (ಜೊತೆಗೆ ಬಳಸುವ ಸಣ್ಣ ಸಾಫ್ಟ್‌ವೇರ್‌ಗಳೇ) ಇರುವುದಿಲ್ಲ.