ಕೋರ್ಟ್ ನೇಮಿಸಿದ ಗಾರ್ಡಿಯನ್‌ ಹೊಣೆಯಿಂದ ಬಿಡುಗಡೆ ಪಡೆಯುವುದು ಹೇಗೆ?

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ನೇಮಕವಾದ ಗಾರ್ಡಿಯನ್‌ನ ಅಧಿಕಾರ, ಮಗುವಿಗೆ 18 ತುಂಬಿದ ದಿನ ತಾನಾಗಿಯೇ ಮುಗಿಯುತ್ತದೆ. ಕೋರ್ಟ್ ಗಾರ್ಡಿಯನ್ ಇದ್ದರೆ 21 ಆಗಬೇಕು ಎನ್ನುವವರು ಈಗಲೂ ಸಿಗುತ್ತಾರೆ. ಆ ನಿಯಮ 1999ರ ತಿದ್ದುಪಡಿಯಲ್ಲೇ ಹೋಯಿತು.

ಅಧಿಕಾರ ಹೋದರೂ ಹೊಣೆ ಉಳಿಯುತ್ತದೆ. ಆಸ್ತಿ ನೋಡಿಕೊಂಡವರು ಕಲಂ 41ರಡಿ ಬಿಡುಗಡೆ ಆದೇಶ ಪಡೆಯಲೇಬೇಕು. ಛಾಪಾ ಕಾಗದದಲ್ಲಿ ‘ಎಲ್ಲ ಮುಟ್ಟಿದೆ’ ಎಂದು ಬರೆಸಿಕೊಂಡು ಸುಮ್ಮನಾಗುವುದು ಎಲ್ಲರೂ ಮಾಡುವ ತಪ್ಪು. ಅದು ರಸೀದಿ, ಕೋರ್ಟಿನ ಆದೇಶವಲ್ಲ.

ನೇಮಕ ಮಾಡಿದ ಕೋರ್ಟಿಗೇ, ಹಳೆಯ ಕೇಸ್ ನಂಬರ್ ನಮೂದಿಸಿ ಅರ್ಜಿ ಹಾಕಿ. ಜತೆಗೆ ನೇಮಕಾತಿ ಆದೇಶದ ದೃಢೀಕೃತ ನಕಲು, ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ ರಸೀದಿ, ಆಸ್ತಿ ಹಸ್ತಾಂತರದ ಪಟ್ಟಿ, ಸಾಧ್ಯವಾದರೆ ವಯಸ್ಕನಾದವನ ಒಪ್ಪಿಗೆಯ ಅಫಿಡವಿಟ್. ಗಾರ್ಡಿಯನ್ ಆಗುವಾಗ ಕೋರ್ಟಿಗೆ ಭದ್ರತೆಯ ಬಾಂಡ್ ಬರೆದುಕೊಟ್ಟಿದ್ದರೆ ಅದರ ರದ್ದತಿಯನ್ನೂ ಇದೇ ಅರ್ಜಿಯಲ್ಲಿ ಕೇಳಿ.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಲೆಕ್ಕದ ಹತ್ತಿರ. ಬಾಡಿಗೆ, ಬೆಳೆ, ಬಡ್ಡಿ ಒಂದು ಕಡೆ. ಫೀಸು, ಔಷಧಿ, ಕಂದಾಯ ಇನ್ನೊಂದು ಕಡೆ, ವರ್ಷವಾರು ಬರೆದು ಚೀಟಿಗಳನ್ನು ಲಗತ್ತಿಸಿ. ಮಗುವಿನ ಹಣ ಮನೆಖರ್ಚಿನೊಂದಿಗೆ ಬೆರೆತಿದ್ದರೆ ಬಿಡಿಸಿ ತೋರಿಸುವುದು ಕಷ್ಟ. ಕೋರ್ಟಿನ ಅನುಮತಿ ಇಲ್ಲದೆ ಜಮೀನು ಮಾರಿದ್ದರೆ ಅಥವಾ 5 ವರ್ಷ ಮೀರಿ ಗುತ್ತಿಗೆ ಕೊಟ್ಟಿದ್ದರೆ ಮುಚ್ಚಿಡಬೇಡಿ. ಆ ವ್ಯವಹಾರದ ರದ್ದತಿಗೆ ದಾವೆ ಹೂಡಲು ವಯಸ್ಕನಾದವನಿಗೆ 18 ತುಂಬಿದಾಗಿನಿಂದ 3 ವರ್ಷ ಕಾಲಾವಕಾಶವಿದೆ. ಬಿಡುಗಡೆ ಆದೇಶ ಸಿಕ್ಕರೂ, ಆಮೇಲೆ ಬಯಲಾದ ವಂಚನೆಗೆ ಅದು ರಕ್ಷಣೆಯಲ್ಲ.

ಮಗುವಿಗೆ 18 ತುಂಬುವ ಮೊದಲೇ ಬಿಡಬೇಕೆಂದರೆ ಕಲಂ 40ರಡಿ ರಾಜೀನಾಮೆ ಅರ್ಜಿ. ಕಾಯಿಲೆ, ಊರು ಬದಲಾವಣೆಯಂಥ ಗಟ್ಟಿ ಕಾರಣ ಬೇಕು. ಆದೇಶ ಬರುವವರೆಗೆ ಕೆಲಸ ಬಿಡುವಂತಿಲ್ಲ. ಗಾರ್ಡಿಯನ್ನೇ ಆಸ್ತಿ ನುಂಗುತ್ತಿದ್ದರೆ, ಮಗುವನ್ನು ಹಿಂಸಿಸುತ್ತಿದ್ದರೆ, ಹಿತಾಸಕ್ತಿ ಇರುವ ಯಾರಾದರೂ ಕಲಂ 39ರಡಿ ತೆಗೆದುಹಾಕಲು ಕೇಳಬಹುದು. ಇವರಿಂದ ಆಗಿಬರುವುದಿಲ್ಲ ಎಂದಷ್ಟೇ ಬರೆದರೆ ಸಾಲದು, ದಾಖಲೆ ಇಡಿ. ತೆಗೆದುಹಾಕಿದ ಆದೇಶಕ್ಕೂ, ರಾಜೀನಾಮೆ ನಿರಾಕರಿಸಿದ ಆದೇಶಕ್ಕೂ ಹೈಕೋರ್ಟಿನಲ್ಲಿ ಮೇಲ್ಮನವಿ ಉಂಟು.

ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವ ಮಗುವಾದರೆ, 18ರ ನಂತರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಗಾರ್ಡಿಯನ್ ನೇಮಕಕ್ಕಾಗಿ ಹೊಸದಾಗಿ ಅರ್ಜಿ ಹಾಕಬೇಕು.

ಆದೇಶದ ಎರಡು ದೃಢೀಕೃತ ನಕಲು ತೆಗೆಸಿ. ಒಂದು ಬ್ಯಾಂಕಿಗೆ; ಅಲ್ಲಿ ವಯಸ್ಕನ ಹೊಸ ಕೆವೈಸಿ, ಮಾದರಿ ಸಹಿ ಕೊಡಬೇಕು. ಇನ್ನೊಂದು, ಪಹಣಿಯಲ್ಲಿ ಗಾರ್ಡಿಯನ್ ಹೆಸರು ಉಳಿದಿದ್ದರೆ ಅದನ್ನು ತೆಗೆಸಲು.