ಒಬ್ಬನ ನಗೂದು, ಕೂಡಿ ನಗೂದು

ನಾ ಇರೂದು ಹುಬ್ಬಳ್ಳಿ ವಿದ್ಯಾನಗರದಾಗ. ನನಗ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಐತಿ, ಬೆನ್ನೆಲುಬಿನ ಕೀಲಿಗೆ ಬಾವು ಬರೂ ಸಂಧಿವಾತ. ಇದು ಮಲಗಿದಷ್ಟೂ ಜಾಸ್ತಿ, ಅಡ್ಡಾಡಿದ್ರ ಕಡಿಮಿ, ಹಿಂಗಾಗಿ ರಾತ್ರಿ ಮೂರಕ್ಕ ಎಚ್ಚರಾಗಿ ಪಡಸಾಲ್ಯಾಗ ತಿರುಗಿ ತಿರುಗೇ ಬೆಳಕು ಹರಸ್ತಿದ್ದೆ.

ಅಮೆರಿಕದ ನಾರ್ಮನ್ ಕಸಿನ್ಸ್ ಅನ್ನೋ ಪತ್ರಕರ್ತಗ 1964ರಾಗ ಇದ ಬ್ಯಾನಿ ಅಂತ ಹೇಳಿದ್ರಂತ. ಕಾಮಿಡಿ ಸಿನಿಮಾ ನೋಡಿ 10 ನಿಮಿಷ ಹೊಟ್ಟಿ ತುಂಬ ನಕ್ರ 2 ತಾಸು ನೋವಿಲ್ದ ನಿದ್ದಿ ಬರ್ತಿತ್ತು ಅಂತ ಆತ ಬರದಾನ. ಆತ ವಿಟಮಿನ್ ಸಿ ಸೈತ ಭಾಳ ತಗೊಂತಿದ್ದ, ಅದಕ್ಕ ಬರೇ ನಗಿಯಿಂದ ಆರಾಮಾತು ಅಂತ ನಾ ಅನ್ನೂದಿಲ್ಲ. ಆದ್ರ 2 ತಾಸು ನಿದ್ದಿ ಅಂದ್ರ ನಮ್ಮಂಥವರಿಗೆ ಏನು ಅಂತ ನನಗ ಗೊತ್ತು.

ನಾನೂ ಶುರು ಮಾಡ್ದೆ. ಇಯರ್‌ಫೋನ್ ಹಾಕ್ಕೊಂಡು ಹಾಸಿಗ್ಯಾಗ ಮೊಬೈಲ್ ಹಿಡ್ಕೊಂಡು ಮೂರು ವಾರ ಕಾಮಿಡಿ ನೋಡ್ದೆ. ತುಟಿ ಅಗಲಾಗ್ತಿತ್ತು ಅಷ್ಟ, ಹೊಟ್ಟಿ ಅಲುಗಾಡ್ತಿರ್ಲಿಲ್ಲ, ನಿದ್ದಿನೂ ಹಂಗ.

ಒಂದಿನ ಅವ್ವ ಬಂದು ನನಗೂ ತೋರಸೋ ಅಂದ್ಲು. ಟೀವಿಗೆ ಹಚ್ಚಿದೆ, ನರಸಿಂಹರಾಜು ಬಾಲಕೃಷ್ಣ ಇರೂ ಹಳೇ ಕಪ್ಪು-ಬಿಳುಪು ಸೀನು. ಅವ್ವಗ ಮುಂದಿಂದೆಲ್ಲಾ ಬಾಯಿಪಾಠ, ಸೀನ್ ಬರೂಕಿಂತ ಮೊದಲ ನಗಾಕ ಶುರು, ಸೆರಗು ಬಾಯಿಗೆ ಒತ್ಕೊಂಡು ಉಸಿರು ಸಿಗಲಾರ್ದಂಗ ಆಕಿ ನಗೂದು ನೋಡಿ ನನಗ ಸಿನಿಮಾಕ್ಕಿಂತ ಆಕಿ ನಗಿಗೇ ನಗು ಬಂತು, ಪಕ್ಕಡಿ ಹಿಡ್ಕೊಂಡು ಕಣ್ಣಾಗ ನೀರು ಬರೂತನಕ ನಕ್ಕೆ. ಅವತ್ತು ಐದರ ತನಕ ನಿದ್ದಿ.

ಆಮ್ಯಾಲ ಓದಿದೆ, 2011ರಾಗ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಅನ್ನೋರು ಮಂದಿನ್ನ ಗುಂಪಿನ್ಯಾಗ ಕುಂಡ್ರಿಸಿ ಕಾಮಿಡಿ ತೋರಿಸಿ, ತೋಳಿಗೆ ಬಿಪಿ ಪಟ್ಟಿ ಬಿಗಿದು ಎಷ್ಟು ನೋವು ತಡೀತಾರ ಅಂತ ನೋಡಿದ್ರು. ಖರೇ ಜೋರ್ ನಕ್ಕವರು ಜಾಸ್ತಿ ತಡ್ಕೊಂಡ್ರು, ಎಂಡಾರ್ಫಿನ್, ಅಂದ್ರ ನೋವು ಕಡಿಮಿ ಮಾಡಾಕ ಮೈಯಾಗ ತಾನ ಹುಟ್ಟೂ ರಾಸಾಯನಿಕ, ಕಾರಣ ಇರಬೇಕು ಅಂದ್ರು. ಇನ್ನೊಂದು ನನಗ ಅನಸಿದ್ದು, ಈ ಬ್ಯಾನ್ಯಾಗ ಎದಿಗೂಡಿನ ಕೀಲೂ ಬಿಗೀತಾವ, ಅದಕ್ಕ ಫಿಸಿಯೋದವರು ಉದ್ದ ಉಸಿರಿನ ವ್ಯಾಯಾಮ ಹೇಳ್ತಾರ, ಹೊಟ್ಟಿ ಹಿಡ್ಕೊಂಡು ನಕ್ಕಾಗ ಎದಿ ತಾನ ಆ ಕೆಲಸ ಮಾಡ್ತೈತಿ.

ಗುಳಿಗಿ, ವ್ಯಾಯಾಮ ಒಂದಿನಾನೂ ಬಿಟ್ಟಿಲ್ಲ, ಬಿಡಬ್ಯಾಡ್ರಿ. ನೋವು ಪೂರ್ತಿ ಹೋಗಿಲ್ಲ, ಕೆಲವು ರಾತ್ರಿ ನಕ್ರೂ ಎಚ್ಚರಾಗ್ತೈತಿ. ಆದ್ರೂ ದಿನಾ ಊಟಾದ ಮ್ಯಾಲ ಅರ್ಧ ತಾಸು ಟೀವಿ ಮುಂದ ಕೂಡ್ತೀವಿ. ದಪ್ಪಗಿದ್ದವರನ್ನ, ತೊದಲೋರನ್ನ ಆಡ್ಕೊಳ್ಳೂ ಕಾಮಿಡಿ ಬಂದ್ರ ಅವ್ವ ಬದಲ್ ಮಾಡು ಅಂತಾಳ, ಮಾಡ್ತೀನಿ. ಆಕಿ ಊರಿಗೆ ಹೋದಾಗ ಎದುರುಮನಿ ಕಾಕಾನ್ನ ಕರೀತೀನಿ, ಅವ್ರು ಚಪ್ಪಾಳಿ ಹೊಡಕೋಂತ ನಗ್ತಾರ.